ಅಧ್ಯಕ್ಷರು ಬಿಡದ ಸೀಟು

ತಿಪಟೂರು ಕಡೆಯ ಒಂದು ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ಪಂಚಾಕ್ಷರಯ್ಯನವರು ತಮ್ಮ ಗುಮಾಸ್ತನನ್ನು ಕರೆದುಕೊಂಡು ಫಿಲಿಪ್ಪೀನ್ಸಿನ ತೋಟಗಳನ್ನು ನೋಡಲು ಹೊರಟರು. ವಿಮಾನದಲ್ಲಿ ಒಬ್ಬ ತಾಯಿ, ಮಗುವಿನ ಪಕ್ಕ ಕೂರಬೇಕು, ಸೀಟು ಬದಲಿಸಿ ಎಂದು ಬೇಡಿಕೊಂಡಳು.

"ಒಂದ್ಸಲ ಕೂತ ಸೀಟಿಂದ ಏಳೋ ಜಾಯಮಾನ ನಂದಲ್ಲ!" ಎಂದು ಗುಡುಗಿದರು ಅಧ್ಯಕ್ಷರು.

ಇಳಿದ ಮೇಲೆ ಬಾಡಿಗೆ ಕಾರು ಬಂತು.

"ಓಡ್ಸೋದು ನೀನೇ ಕಣಯ್ಯ. ನಾನು ಅಧ್ಯಕ್ಷ, ಡ್ರೈವರಲ್ಲ."

ಗುಮಾಸ್ತ ರಸ್ತೆಯತ್ತ ಕಣ್ಣು ಹಾಯಿಸಿದ. ಆ ಊರಲ್ಲಿ ಬಸ್ಸು, ಲಾರಿ ಎಲ್ಲವೂ ರಸ್ತೆಯ ಬಲಕ್ಕೇ ನುಗ್ಗುತ್ತಿದ್ದವು. ಕಾರಿನೊಳಗೆ ಇಣುಕಿ ನೋಡಿದ. ಮುಖ ಅರಳಿತು. ಮುಂದಿನ ಎಡಬಾಗಿಲು ತೆರೆದು ಬಾಗಿ ನಿಂತ.

"ದಯಮಾಡಿಸಿ ಸಾರ್."

ಊರಲ್ಲಿ ಯಾವಾಗಲೂ ಮುಂದೆ ಎಡಕ್ಕೇ ಕೂರುವ ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡು ಗತ್ತಿನಿಂದ ಕೂತರು. ಎದೆಗೆ ಸ್ಟೇರಿಂಗ್ ತಗುಲಿತು.

"ಏನಯ್ಯಾ ಇದು?"

ಗುಮಾಸ್ತ ಆಗಲೇ ಬಲಗಡೆ ಕೂತು ಬೆಲ್ಟು ಬಿಗಿದಿದ್ದ. "ಈ ದೇಶದಲ್ಲಿ ಅದಿರೋದೇ ಅಲ್ಲಿ ಸಾರ್. ಏಳ್ತೀರಾ?"

ಅಧ್ಯಕ್ಷರು ಹಲ್ಲು ಕಡಿದರು. ಏಳಲಿಲ್ಲ. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಹಾಕಿ, ರಣಬಿಸಿಲಲ್ಲಿ ಗಾಜು ಒರೆಸುತ್ತಲೇ ಹೋಟೆಲು ಮುಟ್ಟಿದರು.

ಹೋಟೆಲಿನ ಕಾವಲುಗಾರ ಓಡಿಬಂದು ಗುಮಾಸ್ತನಿಗೆ ಸಲಾಂ ಹೊಡೆದು ಬಾಗಿಲು ತೆರೆದ. ಅಧ್ಯಕ್ಷರ ಕಡೆ ತಿರುಗಿ, ಡ್ರೈವರುಗಳೆಲ್ಲ ಹಿಂದುಗಡೆ ಎಂದು ಕೈ ತೋರಿಸಿದ.

ಗುಮಾಸ್ತ ಕಿಟಕಿಯಲ್ಲಿ ಬಗ್ಗಿ ಹೇಳಿದ: "ನಿಧಾನವಾಗಿ ನಿಲ್ಲಿಸಿ ಬನ್ನಿ ಸಾರ್. ಒಳಗೆ ಕಾಫಿ ಹೇಳಿರ್ತೀನಿ."