ಮಹಾರಾಜರ ಹಳೇ ಲೆನ್ಸು

"ಇಂಥ ಲೆನ್ಸು ಈ ಭೂಮಂಡಲದಲ್ಲೇ ಇನ್ನೊಂದಿಲ್ಲ!" ಎಂದು ಕಪ್ಪರಗುಡ್ಡದ ದೊರೆ ರಣಧೀರ ನಾಯಕರು ತುಂಬಿದ ಸಭೆಯಲ್ಲಿ ಸಾರಿದರು.

ಅಷ್ಟು ಅಪರೂಪದ್ದನ್ನು ಮಾರುವುದೇಕೆ ಎಂದು ಕೇಳುವಷ್ಟು ದಡ್ಡರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಕಪ್ಪರಗುಡ್ಡ ಪುಟ್ಟ ಸಂಸ್ಥಾನ. ದೊರೆಗೆ ಫೋಟೋ ತೆಗೆಯುವ ಹುಚ್ಚು. ಆಗಷ್ಟೇ ವಿಲಾಯಿತಿಯಿಂದ ಕ್ಯಾಮೆರಾಕ್ಕೆ ಹೊಸ ಲೆನ್ಸು ಬಂದಿತ್ತು. ಹೊಸದು ಬಂದಾಗಲೆಲ್ಲ ಹಳೆಯದನ್ನು ಆಸ್ಥಾನದವರ ಕೊರಳಿಗೆ ಕಟ್ಟುವುದು ದೊರೆಯ ಪದ್ಧತಿ. ಓಡದ ಗಡಿಯಾರ ದಿವಾನರ ಪಾಲಾಗಿತ್ತು. ಕುಂಟು ಕುದುರೆ ಸೇನಾಪತಿಗೆ ಹೋಗಿತ್ತು. ಯುದ್ಧವೇ ಇಲ್ಲದ್ದರಿಂದ ಅವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ.

ಈ ಸಲ ಸರದಿ ವಿದೂಷಕ ಅಡವಯ್ಯನದು. ಅವನ ಹತ್ತಿರವೂ ಒಂದು ಕ್ಯಾಮೆರಾ ಇತ್ತು, ಅದೇ ಅವನ ಗ್ರಹಚಾರ.

"ಹೊಳೆದಂಡೆಯ ನಿನ್ನ ಮಾವಿನ ತೋಪು ಬರೆದುಕೊಡು, ಲೆನ್ಸು ತಗೊಂಡು ಹೋಗು" ಎಂದರು ದೊರೆ.

ಅಡವಯ್ಯ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆಲ್ಲ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು.

"ಮಹಾಸ್ವಾಮಿ, ಒಳಗೆ ಏನೋ ಬೆಳೆದಿದೆಯಲ್ಲ?"

"ಅದು ಅನುಭವ ಕಣೋ. ಹೊಸ ಲೆನ್ಸಿಗೆ ಎಲ್ಲಿಂದ ಬರಬೇಕು?"

"ನಡುವೆ ಈ ಗೀರು?"

"ದೃಷ್ಟಿಬೊಟ್ಟು. ಇಷ್ಟು ಒಳ್ಳೆಯ ವಸ್ತುವಿಗೆ ಅದೂ ಬೇಡವೇ?"

ಸಭೆ ತಲೆದೂಗಿತು. ಬೇಡ ಎಂದರೆ ಅಡವಯ್ಯನ ಕೆಲಸ ಹೋಗುತ್ತದೆ, ಹೂಂ ಎಂದರೆ ತೋಪು ಹೋಗುತ್ತದೆ. ವರ್ಷವಿಡೀ ಮನೆಯ ಒಲೆ ಉರಿಯುವುದು ಆ ತೋಪಿನಿಂದಲೇ. ಮುಖದ ಮೇಲೆ ನಗು ಇಟ್ಟುಕೊಂಡು ಅವನು ಕೇಳಿದ:

"ಕೊಳ್ಳುವ ಮುಂಚೆ ಒಂದೇ ಮಾತು. ಇದು ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆಯೇ?"

"ಕೂದಲೆಳೆಯಷ್ಟೂ ತಪ್ಪಿಲ್ಲ. ಇದು ನನ್ನ ಮಾತು!"

"ಹಾಗಾದರೆ ಮೊದಲ ಫೋಟೋ ತಮ್ಮದೇ ಆಗಲಿ."

ದೊರೆ ಉಬ್ಬಿಹೋದರು. ರುಮಾಲು ಸರಿಮಾಡಿಕೊಂಡು, ಮೀಸೆ ತಿರುವಿ, ಉಸಿರು ಬಿಗಿಹಿಡಿದು ಕೂತರು. ಅಡವಯ್ಯ ಫೋಟೋ ತೆಗೆದ.

ಮರುದಿನ ಅವನು ಆ ಫೋಟೋ ತಂದು, ದೊರೆಗಿಂತ ಮೊದಲು ದಿವಾನರ ಕೈಗೆ ಕೊಟ್ಟ.

ದಿವಾನರು ನೋಡಿದರು. ಬೆವರಿದರು. ಲೆನ್ಸಿನಲ್ಲಿ ತಪ್ಪಿಲ್ಲ ಎಂದು ದೊರೆಯೇ ಹೇಳಿಯಾಗಿದೆ!

"ಆಹಾ! ಥೇಟ್ ಮಹಾಸ್ವಾಮಿಯವರೇ!"

ಸೇನಾಪತಿ ಹಿಂದೆ ಬೀಳುವುದುಂಟೇ? "ಎದುರಿಗೆ ಕೂತ ಹಾಗಿದೆ! ಆ ಮುಖದ ಕಳೆ ನೋಡಿ!"

ದೊರೆ ಆಸೆಯಿಂದ ಕೈಚಾಚಿ ಫೋಟೋ ಈಸಿಕೊಂಡರು. ಮುಖದ ತುಂಬ ಮಂಜು. ಒಂದು ಕೆನ್ನೆ ಕರಗಿಹೋಗಿತ್ತು. ಮೀಸೆಯ ಜಾಗದಲ್ಲಿ ಹೊಗೆ. ಬೆಂದ ಕುಂಬಳಕಾಯಿಗೆ ರುಮಾಲು ಸುತ್ತಿದಂತಿತ್ತು.

"ಇದು ನಾನೇನೋ?" ದೊರೆ ಗುಡುಗಿದರು.

ಅಡವಯ್ಯ ಕೈಮುಗಿದ. "ನನಗೂ ಅದೇ ಅನುಮಾನ, ಮಹಾಸ್ವಾಮಿ. ತಪ್ಪು ಲೆನ್ಸಿನದಾಗಿರಬೇಕು, ಇಲ್ಲವೇ ಮುಖದ್ದಾಗಿರಬೇಕು. ಲೆನ್ಸಿನದಲ್ಲ ಎಂದು ತಾವೇ ಮಾತು ಕೊಟ್ಟಿದ್ದೀರಿ. ಮುಖದ್ದು ಎಂದು ದಿವಾನರೂ ಸೇನಾಪತಿಗಳೂ ಈಗತಾನೇ ಸಾಕ್ಷಿ ಹೇಳಿದರು. ನಾನು ಬಡವ, ಯಾವುದನ್ನು ನಂಬಲಿ?"

ದಿವಾನರು ನೆಲ ನೋಡಿದರು. ಸೇನಾಪತಿಗೆ ಕೆಮ್ಮು ಬಂತು. ದೊರೆ ಫೋಟೋ ನೋಡಿದರು, ಲೆನ್ಸು ನೋಡಿದರು, ಎದುರಿನ ಕನ್ನಡಿಯನ್ನೂ ಒಮ್ಮೆ ಕಳ್ಳತನದಿಂದ ನೋಡಿಕೊಂಡರು.

"ಲೆನ್ಸೇ ಕೆಟ್ಟಿದೆ ಕಣೋ!" ಎಂದು ಕೊನೆಗೆ ಒಪ್ಪಿಕೊಂಡರು. "ತೋಪು ನಿನ್ನಲ್ಲೇ ಇರಲಿ. ಹೋಗಲಿ, ಇದನ್ನು ಬಿಟ್ಟಿಯಾಗೇ ಇಟ್ಟುಕೋ."

"ಬೇಡ, ಮಹಾಸ್ವಾಮಿ. ಇದರಲ್ಲಿ ತೆಗೆದ ಫೋಟೋ ನೋಡಿದವರೆಲ್ಲ 'ಈ ದರಿದ್ರ ಲೆನ್ಸು ಯಾರು ಕೊಟ್ಟರಯ್ಯಾ?' ಅಂತ ಕೇಳುತ್ತಾರೆ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಲಾಯಿತಿಯ ಹೊಸ ಲೆನ್ಸನ್ನೇ ತರಿಸಿ ಅಡವಯ್ಯನ ಕೈಗಿಟ್ಟರು.