ಲಾರ್ಡ್ ಹ್ಯಾರೋಬಿಯ ಮುತ್ತಾತ

ಏಳು ಕಡಲಿನಾಚೆ ಇಂಗ್ಲೆಂಡು ಅಂತ ಒಂದು ದೇಶ. ಅಲ್ಲಿ ಲಾರ್ಡ್ ಹ್ಯಾರೋಬಿ ಅಂತ ಒಬ್ಬ ದೊರೆ. ಅವನು ಮಾಡಿದ ಕೆಲಸ ಏನು? ಹುಟ್ಟಿದ್ದು. ಅಷ್ಟಕ್ಕೇ ಅವನಿಗೆ ಬಹಳ ಹೆಮ್ಮೆ.

ಅವನ ಬಂಗಲೆಯ ಹಜಾರದಲ್ಲಿ ಮೂರು ಪಟ: ಅಪ್ಪ, ತಾತ, ಮುತ್ತಾತ. ಮುತ್ತಾತನ ಪಟಕ್ಕೆ ಮಾತ್ರ ಒಂದು ಕಟ್ಟಳೆ. ಪುಕ್ಕದ ಪೊರಕೆಯಲ್ಲಿ ಧೂಳು ಹೊಡೆಯಬಹುದು, ಒರೆಸಕೂಡದು. ಅಪ್ಪ ಸಾಯುವಾಗಲೂ ಅದನ್ನೇ ಹೇಳಿ ಸತ್ತಿದ್ದ. ಹಿರಿಯರ ಮೇಲಿನ ಭಕ್ತಿ ಅಂದುಕೊಂಡಿದ್ದ ಮಗ.

ದೊರೆಗೆ ಜಿಂಕೆ ಸಾಕುವ ಆಸೆ ಬಂತು. ಜಾಗಕ್ಕೆ ಊರಿನವರ ಮನೆಗಳು ಅಡ್ಡ. ಚರ್ಚಿನಲ್ಲಿ ಪಾದ್ರಿಯ ಕೈಲಿ ಆಜ್ಞೆ ಓದಿಸಿದ: ಮುತ್ತಾತನನ್ನು ತೋರಿಸಲಾರದವನಿಗೆ ಈ ನೆಲದಲ್ಲಿ ಮನೆಯಿಲ್ಲ, ಅವನು ಯಾರೇ ಆಗಿರಲಿ.

ಬಂಗಲೆಯ ಹಜಾರದಲ್ಲಿ ದೊರೆ ಪಾದ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಣೆಗೆ ಕೂತ. ಮೊದಲ ದಿನ ನೇಕಾರ ಬಂದ. ಅಪ್ಪನ ಹೆಸರು ಹೇಳಿದ, ತಾತನ ಹೆಸರು ಹೇಳಿದ, ತಲೆ ಕೆರೆದುಕೊಂಡ. ದೊರೆ ಪಟ ತೋರಿಸಿ, "ಇಗೋ ನನ್ನ ಮುತ್ತಾತ. ನಿನ್ನವನೆಲ್ಲಿ?" ಅಂದ. ನೇಕಾರನ ಮನೆ ಹೋಯಿತು. ಎರಡನೆಯ ದಿನ ಹಿಟ್ಟಿನ ಗಿರಣಿಯವ ಬಂದ. ಅವನೂ ತಲೆ ಕೆರೆದುಕೊಂಡ. ಅವನ ಮನೆಯೂ ಹೋಯಿತು.

ಮೂರನೆಯ ದಿನ ಮಾರ್ಜರಿ ಬಂದಳು. ನಲವತ್ತು ವರ್ಷ ಅದೇ ಪಟಗಳ ಧೂಳು ಹೊಡೆದ ಮುದುಕಿ. ಗುಡಿಸಲೊಂದು ಬಿಟ್ಟರೆ ಬೇರೆ ಸೂರಿಲ್ಲ. ಓದು ಬಾರದು, ಕಣ್ಣು ಚುರುಕು. ಒರೆಸಬೇಡ ಅಂದ ಕಡೆ ಏನೋ ಇರುತ್ತದೆ ಅನ್ನುವಷ್ಟು ಲೋಕ ಕಂಡಿದ್ದಳು.

"ಇಗೋ ನನ್ನ ಮುತ್ತಾತ," ಅಂದ ದೊರೆ.

"ಒಲೆ ಹೊಗೆ ಹಿಡಿದು ಗುರುತೇ ಸಿಗೋದಿಲ್ಲ ಬುದ್ಧಿ," ಅಂದಳು ಮಾರ್ಜರಿ. ಜೇಬಿನಿಂದ ಮಸಿ ಬಿಡಿಸುವ ಈರುಳ್ಳಿ ಹೋಳು ತೆಗೆದು, ಯಾರೂ ತಡೆಯುವ ಮೊದಲೇ ಪಟದ ಮೂಲೆ ಉಜ್ಜಿದಳು. ಮಸಿಯಡಿಯಿಂದ ಅಕ್ಷರ ಎದ್ದವು. ಪಾದ್ರಿ ಕನ್ನಡಕ ಏರಿಸಿ ಓದಿದ:

"ರೋಜರ್ ವಾಲ್ಡ್ರನ್. ಮಕ್ಕಳಿಲ್ಲದೆ ತೀರಿಕೊಂಡ. ಈ ವಂಶ ಇವನೊಂದಿಗೇ ಮುಗಿಯಿತು."

ದೊರೆಗೆ ಈಗ ಅರ್ಥವಾಯಿತು. ಯಾರದೋ ಮನೆ ಸಿಕ್ಕಿತ್ತು, ಅಲ್ಲಿದ್ದ ಯಾರದೋ ಪಟವನ್ನೇ ಮುತ್ತಾತ ಅಂದುಬಿಟ್ಟಿದ್ದರು. ಅಪ್ಪನಿಗೆ ಗೊತ್ತಿತ್ತು. ತಾತನಿಗೂ ಗೊತ್ತಿತ್ತು. ಹಾಗಾದರೆ ತನ್ನ ಮುತ್ತಾತ? ಹೆಸರು ಕೂಡ ತಿಳಿಯದು. ಎದ್ದು ಹೋಗಿ ಅಂಗೈಯಿಂದ ಆ ಅಕ್ಷರ ಮುಚ್ಚಿದ.

"ಗಂಟುಮೂಟೆ ಒಟ್ಟಿಗೇ ಕಟ್ಟೋಣವಾ ಬುದ್ಧಿ?" ಮಾರ್ಜರಿ ಕೇಳಿದಳು.

ಆಜ್ಞೆ ಒಲೆ ಸೇರಿತು. ನೇಕಾರ, ಗಿರಣಿಯವ ಮನೆ ಸೇರಿದರು. ಉಳಿದವರೆಲ್ಲ ಹೋದ ಮೇಲೆ ದೊರೆ ಮೆಲ್ಲಗೆ, ಆ ಮೂಲೆಗೆ ಮತ್ತೆ ಮಸಿ ಹಿಡಿಸಬಹುದಾ ಅಂತ ಮುದುಕಿಯನ್ನು ಕೇಳಿದ.

"ಅದೇ ಹಿಡಿಯುತ್ತೆ ಬುದ್ಧಿ. ನೂರು ವರ್ಷ ಬೇಕು."

ಕೇಳಿದಿರಾ ಮಕ್ಕಳೇ? ಹುಟ್ಟಿನ ಜಂಬ ಎರವಲು ಜಂಬ. ಇನ್ನೊಬ್ಬರ ಕುಲ ಕೆದಕುವವನು ಮೊದಲು ತನ್ನ ಗೋಡೆ ಒರೆಸಿ ನೋಡಲಿ.