ತಿರುಗಿ ಬಾರದ ಪಾರಿವಾಳ

"ಕೇಳ್ರಪ್ಪೋ ಕೇಳಿ! ರಾಣಿ ಚೆನ್ನಾಜಮ್ಮನವರ ಮೂರು ಒಗಟು ಬಿಡಿಸಿದವರಿಗೆ ದೊರೆ ಬೇಡಿದ್ದು ಕೊಡ್ತಾರೆ. ತಪ್ಪಿದವರ ತಲೆ ಹೋಗುತ್ತೆ!"

ನೆಲ್ಲಿದುರ್ಗದ ಬೀದಿಯಲ್ಲಿ ಡಂಗುರ ಕೇಳಿ ಬೊಮ್ಮ ಇದ್ದಲ್ಲೇ ನಿಂತ. ರಾಣಿ ಮದುವೆಯಾಗಿ ಕಡಲವಾಡಿಯಿಂದ ಬರುವಾಗ ಗಾಡಿ ಹೊಡೆದವನು ಅವನೇ. ಬಳುವಳಿಯ ಎತ್ತುಗಳ ಜೊತೆ ಅವನನ್ನೂ ಇಲ್ಲೇ ಉಳಿಸಿಕೊಂಡಿದ್ದರು. ಅಪ್ಪಣೆಯಿಲ್ಲದೆ ಕೋಟೆ ದಾಟುವಂತಿಲ್ಲ. ಊರಲ್ಲಿ ಅವ್ವ ಒಬ್ಬಳೇ ಇದ್ದಳು. ಅವಳನ್ನು ನೆನೆದರೆ ಬೊಮ್ಮ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ರಾಣಿಯೂ ಊಟ ಬಿಟ್ಟಿದ್ದಳು. ಏನು ಬೇಕೆಂದು ದೊರೆ ಕೇಳಿದರೆ ಒಗಟನ್ನೇ ಹೇಳುತ್ತಿದ್ದಳಂತೆ. ಸೋತ ದೊರೆ ಡಂಗುರ ಹೊಡೆಸಿದ್ದ.

ಸಭೆ ತುಂಬಿತು. ರಾಣಿ ಕೇಳಿದಳು: "ನನ್ನ ತವರಿಗೆ ಗಾಡಿಯಲ್ಲಿ ಒಂಬತ್ತು ದಿನ. ಬೆಳಿಗ್ಗೆ ಹೊರಟು ಸಂಜೆಗೆ ಸೇರುವವರು ಯಾರು?"

ಆಸ್ಥಾನದ ಶಾಸ್ತ್ರಿಗಳು ಶಾಲು ಸರಿಮಾಡಿಕೊಂಡು, "ಮನಸ್ಸು," ಎಂದರು.

"ನನ್ನ ಮನಸ್ಸು ಸಂಜೆಯವರೆಗೆ ಕಾಯುವುದಿಲ್ಲ ಶಾಸ್ತ್ರಿಗಳೇ. ಅದು ಆಗಲೇ ಅಲ್ಲಿದೆ."

ತಲೆ ಹೋಗುವ ದಿನದವರೆಗೆ ಶಾಸ್ತ್ರಿಗಳು ಸೆರೆಮನೆ ಸೇರಿದರು. ಪಾಳೆಗಾರನ ಮಗ ಎದ್ದು, "ಪಾರಿವಾಳ," ಎಂದ. ಅದು ಸರಿಯಾಗಿತ್ತು. ರಾಣಿ ಎರಡನೆಯದನ್ನು ಕೇಳಿದಳು: "ಅದು ತಿರುಗಿ ಬರಲು ಎಷ್ಟು ಹೊತ್ತು?"

"ಅಷ್ಟೇ ಹೊತ್ತು. ಬರುವಾಗ ಆಕಾಶವೇನು ಹಿಗ್ಗುತ್ತದೆಯೇ?" ಎಂದು ನಕ್ಕ. ಅವನೂ ಸೆರೆಮನೆಗೆ ಹೋದ. ಆಮೇಲೆ ಯಾರೂ ಏಳಲಿಲ್ಲ.

ಬೊಮ್ಮ ಮುಂದೆ ಬಂದ. "ಮೊದಲನೇದು ಪಾರಿವಾಳವೇ ಅವ್ವಾರೆ. ಅದಕ್ಕೆ ಘಾಟಿಯ ಸುತ್ತು ಇಲ್ಲ, ನೆಟ್ಟಗೆ ಹಾರ್ತದೆ. ಆದ್ರೆ ಅದು ತಿರುಗಿ ಬರಲ್ಲ. ಮೊಟ್ಟೆಯೊಡೆದ ಗೂಡಿಗೆ ಮಾತ್ರ ಅದಕ್ಕೆ ದಾರಿ ಗೊತ್ತು."

ದೊರೆ ಬೆಚ್ಚಿದ. ಕಡಲವಾಡಿಯ ಹೆಣ್ಣುಮಕ್ಕಳು ತವರಿನ ಪಾರಿವಾಳಗಳನ್ನು ಬುಟ್ಟಿಯಲ್ಲಿ ತಂದು, ಕ್ಷೇಮ ತಿಳಿಸಲು ಒಂದೊಂದಾಗಿ ಬಿಡುವುದು ವಾಡಿಕೆ. ಮಲೆಯ ದೊರೆಗೆ ಇದೆಲ್ಲಿ ತಿಳಿಯಬೇಕು? ಒಂದು ಹಕ್ಕಿಯೂ ಉತ್ತರ ತರಲಿಲ್ಲ, ನಿನ್ನ ತಾಯಿ ನಿನ್ನನ್ನು ಮರೆತಳು ಎಂದು ಅವನು ರಾಣಿಗೆ ಎಷ್ಟೋ ಸಲ ಹೇಳಿದ್ದ.

ರಾಣಿಯ ದನಿ ತಗ್ಗಿತು. "ಒಂದು ಹಕ್ಕಿ ಉಳಿದಿದೆ. ನಾನು ಅದನ್ನೇಕೆ ಬಿಡುತ್ತಿಲ್ಲ?"

"ಅದು ಕೊನೇದು, ಅವ್ವಾರೆ. ಅದನ್ನೂ ಬಿಟ್ರೆ ನಿಮ್ಮವ್ವ ಮಾಳಿಗೆ ಮೇಲೆ ಯಾವುದಕ್ಕೆ ಕಾಯ್ಬೇಕು?"

ರಾಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊರೆ ಗದ್ದುಗೆಯಿಂದ ಇಳಿದು ಬೊಮ್ಮನ ಬಳಿಗೆ ಬಂದ. "ಏನು ಬೇಕೋ ಕೇಳಪ್ಪ," ಎಂದ.

ಬೊಮ್ಮ ತನ್ನ ಬಿಡುಗಡೆ ಕೇಳಲೆಂದೇ ತಲೆ ಒಡ್ಡಿದ್ದ. ಈಗ ಬಾಯಿಗೆ ಬಂದದ್ದು ಬೇರೆ. "ಗಾಡಿ ಕಟ್ತೀನಿ ಬುದ್ಧಿ. ಅವ್ವಾರನ್ನ ತವರಿಗೆ ಕಳಿಸಿಕೊಡಿ."

ದೊರೆ ಒಪ್ಪಿದ. ಗಾಡಿ, ಎತ್ತು ಬೊಮ್ಮನಿಗೇ ಸೇರಿದವು. ಇನ್ನು ಅವನನ್ನು ತಡೆಯುವವರಿಲ್ಲ. ರಾಣಿ ಹೇಳಿ ಸೆರೆಯಲ್ಲಿದ್ದವರನ್ನೂ ಬಿಡಿಸಿದಳು.

ಹೊರಡುವಾಗ ದೊರೆ ಗಾಡಿಯ ಪಕ್ಕ ನಿಂತು, "ನಿನ್ನ ಸುದ್ದಿ ನನಗೆ ಹೇಗೆ ತಿಳಿಯಬೇಕು?" ಎಂದ.

"ನಾನು ಬಿಡುವ ಮುಂಚೆ ನನ್ನ ಹಕ್ಕಿಗಳು ಮಾಡಿದ ಮರಿಗಳು ನಿಮ್ಮ ಮಾಳಿಗೆಯಲ್ಲೇ ಹುಟ್ಟಿ ಬೆಳೆದಿವೆ. ಬುಟ್ಟಿಯಲ್ಲಿ ತಗೊಂಡು ಹೋಗ್ತಿದ್ದೀನಿ. ಅವು ನಿಮ್ಮ ಹತ್ರಕ್ಕೇ ಹಾರ್ತವೆ," ಎಂದಳು ರಾಣಿ.

ಗಾಡಿ ಘಾಟಿ ಇಳಿಯಿತು. ಅಂದಿನಿಂದ ದಿನಾ ಸಂಜೆ ನೆಲ್ಲಿದುರ್ಗದ ದೊರೆ ಮಾಳಿಗೆ ಹತ್ತಿ, ಕಡಲಿನ ಕಡೆಯ ಆಕಾಶ ನೋಡುತ್ತ ಕತ್ತಲಾಗುವವರೆಗೂ ನಿಲ್ಲುತ್ತಿದ್ದ.